ಕನ್ವರ್ಷನ್ ರಿಸಲ್ಟ್ ಬಿಲ್ಡರ್‌ನಲ್ಲಿ ಸ್ಟೇಟಸ್ ಸೆಟ್ ಮಾಡೋ ಮೆಥಡ್ ಬೇಡ

ಫೈಲ್ ಕನ್ವರ್ಟ್ ಮಾಡುವ ಕೋಡ್ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಥರ ಶುರುವಾಗುತ್ತದೆ. ಒಂದು ಫಂಕ್ಷನ್ ಇರುತ್ತದೆ, ಒಳಗೆ ಫೈಲ್ ಕೊಟ್ಟರೆ ಹೊರಗೆ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಸ್ವಲ್ಪ ದಿನ ಅಷ್ಟು ಸಾಕಾಗುತ್ತದೆ. ಆಮೇಲೆ ಸಪೋರ್ಟ್‌ನವರು ಕೇಳುತ್ತಾರೆ: ಫಾಲ್ಸ್ ಬಂತು ಸರಿ, ಯಾಕೆ ಬಂತು? ಫೈಲ್ ಹಾಳಾಗಿತ್ತಾ, ಪಾಸ್‌ವರ್ಡ್ ಹಾಕಿದ್ರಾ, ಡಿಸ್ಕ್ ತುಂಬಿತ್ತಾ? ಆಗ ಟ್ರೂ ಫಾಲ್ಸ್ ಜಾಗಕ್ಕೆ ಒಂದು ರಿಸಲ್ಟ್ ಆಬ್ಜೆಕ್ಟ್ ಬರುತ್ತದೆ. ಅದರಲ್ಲಿ ಒಂದು ಸ್ಟೇಟಸ್, ಒಂದು ಎರರ್ ಮೆಸೇಜ್. ಅಲ್ಲಿಗೂ ನಿಲ್ಲುವುದಿಲ್ಲ. ಔಟ್‌ಪುಟ್ ಸೈಜ್ ಬೇಕು ಅಂತಾರೆ, ಎಷ್ಟು ಹೊತ್ತು ಹಿಡಿಯಿತು ಅಂತ ಬೇಕು, ಎಚ್ಚರಿಕೆಗಳ ಪಟ್ಟಿ ಬೇಕು, ಯಾವ ಕನ್ವರ್ಟರ್ ಓಡಿತು, ಅದರ ವರ್ಷನ್ ಯಾವುದು ಅನ್ನೋದೂ ಬೇಕು.

ನೋಡನೋಡುತ್ತಿದ್ದಂತೆ ಆ ಆಬ್ಜೆಕ್ಟ್ ಹುಟ್ಟಿಸುವ ಕನ್‌ಸ್ಟ್ರಕ್ಟರ್‌ಗೆ ಒಂಬತ್ತು ಪ್ಯಾರಾಮೀಟರ್ ಆಗಿರುತ್ತವೆ. ವಿಫಲವಾದ ಕನ್ವರ್ಷನ್‌ಗೆ ಅದರಲ್ಲಿ ನಾಲ್ಕು ನಲ್, ಅಂದರೆ ಖಾಲಿ. ಇನ್‌ಪುಟ್ ಬೈಟ್ ಎಷ್ಟು, ಔಟ್‌ಪುಟ್ ಬೈಟ್ ಎಷ್ಟು ಅನ್ನುವ ಎರಡು ನಂಬರ್‌ಗಳು ಅಕ್ಕಪಕ್ಕ ಕೂತಿರುತ್ತವೆ, ಎರಡರ ಟೈಪೂ ಒಂದೇ. ಅದಲು ಬದಲು ಮಾಡಿ ಕೊಟ್ಟರೂ ಕಂಪೈಲರ್ ತುಟಿ ಪಿಟಕ್ಕೆನ್ನುವುದಿಲ್ಲ. ಈ ಹೊತ್ತಿಗೆ ಟೀಮಿನಲ್ಲಿ ಯಾರಾದರೂ ಒಬ್ಬರು ಬಿಲ್ಡರ್, ಅಂದರೆ ರಿಸಲ್ಟನ್ನು ಹಂತ ಹಂತವಾಗಿ ಕಟ್ಟಿ ಕೊನೆಗೆ ಕೊಡುವ ಇನ್ನೊಂದು ಆಬ್ಜೆಕ್ಟ್, ಹಾಕೋಣ ಅಂದೇ ಅನ್ನುತ್ತಾರೆ.

ಹಾಕಬೇಕು, ನಿಜ. ಆದರೆ ಹೆಚ್ಚಿನವರು ಹಾಕುವ ಬಿಲ್ಡರ್ ಒಂಬತ್ತು ಪ್ಯಾರಾಮೀಟರ್‌ಗಳಿಗೆ ಒಂಬತ್ತು ಸೆಟ್ಟರ್ (ಒಂದೊಂದು ಫೀಲ್ಡ್ ತುಂಬುವ ಮೆಥಡ್) ಕೊಟ್ಟು, ಸರಪಳಿ ಮಾಡಿ, ಕೊನೆಗೊಂದು ಬಿಲ್ಡ್ ಅಂಟಿಸಿದ್ದು ಅಷ್ಟೇ. ಓದೋಕೆ ಚೆನ್ನಾಗಿರುತ್ತದೆ. ಕೆಲಸ ಮಾತ್ರ ಮೊದಲಿನಷ್ಟೇ ಮಾಡುತ್ತದೆ. ಕನ್ವರ್ಷನ್ ರಿಸಲ್ಟ್‌ಗೆ ಬಿಲ್ಡರ್ ಯಾಕೆ ಹೇಳಿ ಮಾಡಿಸಿದಂತೆ ಹೊಂದುತ್ತದೆ ಅನ್ನೋದಕ್ಕೆ ಬೇರೆಯೇ ಕಾರಣ ಇದೆ, ಅದನ್ನು ಬಿಟ್ಟು ಬರೀ ಅಂದ ನೋಡಿದರೆ ಅರ್ಧ ಲಾಭವೂ ಸಿಗಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಬಿಲ್ಡರ್ ಅನ್ನುವ ಹೆಸರಿನಲ್ಲಿ ಈಗ ಎರಡು ಬೇರೆ ಬೇರೆ ವಿಚಾರಗಳು ಓಡಾಡುತ್ತಿವೆ. ಒಂದು ಜೋಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ದ 2008ರ ಎರಡನೇ ಆವೃತ್ತಿಯಿಂದ ಎಲ್ಲರ ಬಾಯಲ್ಲಿ ಬಂದದ್ದು. ಕನ್‌ಸ್ಟ್ರಕ್ಟರ್‌ಗೆ ಪ್ಯಾರಾಮೀಟರ್ ಜಾಸ್ತಿ ಆದರೆ ಬಿಲ್ಡರ್ ಬಳಸಿ ಅನ್ನೋದು ಅದರ ಸಾರ. ಇನ್ನೊಂದು ಅದಕ್ಕಿಂತ ಹಳೆಯದು. ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡೆಸ್ ಈ ನಾಲ್ವರು 1994ರಲ್ಲಿ ತಂದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ ಇರುವುದು. ಮಜಾ ಏನು ಗೊತ್ತಾ? ಆ ಪುಸ್ತಕದಲ್ಲಿ ಬಿಲ್ಡರ್ ವಿವರಿಸೋಕೆ ತೆಗೆದುಕೊಂಡ ಉದಾಹರಣೆಯೇ ಫೈಲ್ ಕನ್ವರ್ಷನ್. ಆರ್‌ಟಿಎಫ್ ಫೈಲ್ ಓದುವ ಒಂದು ರೀಡರ್. ಅದು ಒಂದೊಂದು ಟೋಕನ್ ಸಿಕ್ಕಿದಾಗಲೂ ಒಂದು ಕನ್ವರ್ಟರ್‌ಗೆ ಹೇಳುತ್ತದೆ: ಇದೋ ಅಕ್ಷರ, ಇದೋ ಫಾಂಟ್ ಬದಲಾವಣೆ, ಇದೋ ಪ್ಯಾರಾಗ್ರಾಫ್. ಆ ಕನ್ವರ್ಟರೇ ಬಿಲ್ಡರ್. ಒಂದು ಸಾದಾ ಆಸ್ಕಿ ಟೆಕ್ಸ್ಟ್ ಕಟ್ಟುತ್ತದೆ, ಇನ್ನೊಂದು ಅಚ್ಚುಜೋಡಣೆಯ ಟೆಕ್ (TeX) ಫೈಲ್ ಕಟ್ಟುತ್ತದೆ, ಮತ್ತೊಂದು ತೆರೆ ಮೇಲೆ ತೋರಿಸಿ ತಿದ್ದುವ ವಿಜೆಟ್ ಕಟ್ಟುತ್ತದೆ. ರೀಡರ್ ಬದಲಾಗುವುದಿಲ್ಲ.

ಅಲ್ಲಿ ಒಂದು ಸಣ್ಣ ವಿಷಯ ಗಮನಿಸಿ. ಆಸ್ಕಿ ಕನ್ವರ್ಟರ್‌ಗೆ ರೀಡರ್ ಬಂದು ಫಾಂಟ್ ಬದಲಾಯಿತು ಅಂತ ಹೇಳಿದರೆ ಅದು ಸುಮ್ಮನಿರುತ್ತದೆ. ಸಾದಾ ಟೆಕ್ಸ್ಟ್‌ನಲ್ಲಿ ಫಾಂಟ್ ಎಲ್ಲಿಂದ ಬರಬೇಕು. ವಿನ್ಯಾಸದ ದೃಷ್ಟಿಯಿಂದ ಅದು ಸರಿಯೇ. ಆದರೆ ಮೂಲದಲ್ಲಿ ಇದ್ದದ್ದೇನೋ ಔಟ್‌ಪುಟ್‌ಗೆ ಬರಲಿಲ್ಲ, ಮತ್ತು ಬರಲಿಲ್ಲ ಅನ್ನೋದು ಎಲ್ಲೂ ದಾಖಲಾಗಲಿಲ್ಲ. ಫಾಂಟ್ ಹೋದರೆ ಯಾರೂ ಅಳುವುದಿಲ್ಲ. ಕೋಷ್ಟಕದ ಒಂದು ಸಾಲು ಹೋದರೆ? ಔಟ್‌ಪುಟ್ ಕಟ್ಟೋಕೆ ಒಂದು ಬಿಲ್ಡರ್ ಇರುವಂತೆ, ಕಟ್ಟುವಾಗ ಏನಾಯಿತು ಅನ್ನುವ ವರದಿ ಕಟ್ಟೋಕೂ ಒಂದು ಬಿಲ್ಡರ್ ಬೇಕು. ನಾನು ಇಲ್ಲಿ ಹೇಳ್ತಿರೋ ರಿಸಲ್ಟ್ ಬಿಲ್ಡರ್ ಅದು.

ಅದು ಯಾಕೆ ಹೊಂದುತ್ತದೆ ಅಂದರೆ, ಕನ್ವರ್ಷನ್‌ನ ಸುದ್ದಿ ಒಟ್ಟಿಗೆ ಬರುವುದಿಲ್ಲ. ಕಂತು ಕಂತಾಗಿ ಬರುತ್ತದೆ, ಅದೂ ಬೇರೆ ಬೇರೆಯವರಿಂದ. ಫೈಲ್ ಯಾವ ಬಗೆಯದು ಅಂತ ಗುರುತಿಸುವ ಹಂತಕ್ಕೆ ಎಕ್ಸ್‌ಟೆನ್ಷನ್ ಒಂದು ಹೇಳುತ್ತೆ ಒಳಗಿರೋದು ಇನ್ನೊಂದು ಅನ್ನೋದು ಗೊತ್ತಾಗುತ್ತದೆ. ಡಿಕೋಡ್ ಮಾಡುವ ಹಂತಕ್ಕೆ ಎರಡು ಬೈಟ್ ಯುಟಿಎಫ್-8ಗೆ ಸೇರಲಿಲ್ಲ, ಆ ಜಾಗಕ್ಕೆ ಕಪ್ಪು ವಜ್ರದೊಳಗಿನ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕಾಯಿತು ಅನ್ನೋದು ಗೊತ್ತಿರುತ್ತದೆ. ಫೈಲನ್ನು ಬಿಡಿಸಿ ಓದುವ ಪಾರ್ಸರ್‌ಗೆ ಎಷ್ಟು ಸಾಲು ಸಿಕ್ಕಿತು ಅಂತ ಗೊತ್ತು. ಬರೆಯುವ ಹಂತಕ್ಕೆ ಎಷ್ಟು ಹೋಯಿತು, ಎಷ್ಟು ಬೈಟ್ ಆಯಿತು ಅಂತ ಗೊತ್ತು. ಇವರಲ್ಲಿ ಯಾರಿಗೂ ಒಟ್ಟು ಕತೆ ಗೊತ್ತಿಲ್ಲ. ಕನ್‌ಸ್ಟ್ರಕ್ಟರ್ ಕೇಳುವುದು ಮಾತ್ರ ಎಲ್ಲವನ್ನೂ ಒಂದೇ ಕ್ಷಣದಲ್ಲಿ. ಹಾಗಾಗಿ ಎಲ್ಲರೂ ಬಂದು ತಮಗೆ ಗೊತ್ತಿದ್ದದ್ದನ್ನು ಬರೆದು ಹೋಗುವ ಒಂದು ನೋಟ್‌ಬುಕ್ ಥರದ್ದು ಬೇಕು. ಬಿಲ್ಡರ್ ಅಂದರೆ ಅಷ್ಟೇ.

ಆಕಾರ ಗೊತ್ತಾಗಲಿ ಅಂತ ಬರೀತೀನಿ, ಇದು ಯಾವ ಭಾಷೆಯ ಕೋಡೂ ಅಲ್ಲ:

ಬಿಲ್ಡರ್ = ರಿಸಲ್ಟ್‌ಬಿಲ್ಡರ್.ಶುರು(ಇನ್‌ಪುಟ್, ಗುರಿ)
ಬಿಲ್ಡರ್.ಕನ್ವರ್ಟರ್(ಹೆಸರು, ವರ್ಷನ್)
ಬಿಲ್ಡರ್.ನಷ್ಟ(ಬೈಟ್_ಡಿಕೋಡ್_ಆಗಲಿಲ್ಲ, ಸಾಲು 212)
ಬಿಲ್ಡರ್.ಓದಿದ್ದು(ಸಾಲು, 70000)
ಬಿಲ್ಡರ್.ಬರೆದದ್ದು(ಸಾಲು, 65536)
ಬಿಲ್ಡರ್.ಔಟ್‌ಪುಟ್(ಜಾಗ, ಬೈಟ್)
ರಿಸಲ್ಟ್ = ಬಿಲ್ಡರ್.ಬಿಲ್ಡ್()

ಇದರಲ್ಲಿ ಏನಿಲ್ಲ ಅಂತ ನೋಡಿ. ಸ್ಟೇಟಸ್ ಕೊಡುವ ಮೆಥಡ್ ಇಲ್ಲ. ಯಶಸ್ಸು ಅಂತ ಯಾರೂ ಹೇಳುತ್ತಿಲ್ಲ, ಯಾರಿಗೂ ಹೇಳೋಕೆ ದಾರಿಯೇ ಇಲ್ಲ. ಹಂತಗಳು ನಡೆದದ್ದನ್ನು ಹೇಳುತ್ತವೆ. ಅದರ ಅರ್ಥ ಏನು ಅಂತ ಬಿಲ್ಡ್ ತೀರ್ಮಾನಿಸುತ್ತದೆ, ಕೊನೆಯಲ್ಲಿ, ಎಲ್ಲ ಗೊತ್ತಾದ ಮೇಲೆ, ಒಂದೇ ಜಾಗದಲ್ಲಿ:

ನಿಲ್ಲಿಸುವಂಥ ಎರರ್ ಇದ್ದರೆ, ವಿಫಲ
ಔಟ್‌ಪುಟ್ ದಾಖಲಾಗಿಲ್ಲದಿದ್ದರೆ, ವಿಫಲ
ಬರೆದದ್ದು ಓದಿದ್ದಕ್ಕಿಂತ ಕಡಿಮೆ ಇದ್ದರೆ, ಭಾಗಶಃ
ಯಾವುದಾದರೂ ನಷ್ಟ ದಾಖಲಾಗಿದ್ದರೆ, ಭಾಗಶಃ
ಇಲ್ಲದಿದ್ದರೆ, ಯಶಸ್ಸು

ಮೇಲಿನ ಉದಾಹರಣೆಯಲ್ಲಿ 65,536 ಅನ್ನುವ ನಂಬರ್ ಸುಮ್ನೆ ಹಾಕಿದ್ದಲ್ಲ. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟ್‌ನಲ್ಲಿ ಒಂದು ಶೀಟ್‌ಗೆ ಅಷ್ಟೇ ಸಾಲು ಹಿಡಿಯುವುದು. 2007ರಲ್ಲಿ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಅದು 10,48,576 ಆಯಿತು. 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಇಂಗ್ಲೆಂಡ್‌ನಲ್ಲಿ ಏನಾಯಿತು ಅಂತ ನೆನಪಿರಬಹುದು. ಕೋವಿಡ್ ಟೆಸ್ಟ್ ಮಾಡುವ ಲ್ಯಾಬ್‌ಗಳಿಂದ ಸಿಎಸ್‌ವಿ ಫೈಲ್ ಬರುತ್ತಿತ್ತು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅದನ್ನು ತನ್ನ ವ್ಯವಸ್ಥೆಗೆ ತುಂಬುವ ದಾರಿಯಲ್ಲಿ ಹಳೆಯ ಎಕ್ಸ್‌ಎಲ್‌ಎಸ್ ಫಾರ್ಮ್ಯಾಟ್ ಇತ್ತು. ಮಿತಿ ಮೀರಿದ ಸಾಲುಗಳು ಬಿದ್ದು ಹೋದವು. 15,841 ಪಾಸಿಟಿವ್ ಪ್ರಕರಣಗಳು ಅಕ್ಟೋಬರ್ 2ರವರೆಗಿನ ದಿನದ ಲೆಕ್ಕದಲ್ಲಿ ಸೇರಲೇ ಇಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಅಂಥ ಕಡೆ ಫೈಲ್ ತೆರೆಯಿತು, ಬರೆಯಿತು, ಮುಚ್ಚಿತು. ಕೊನೆಯ ಸಾಲಿನಲ್ಲಿ ಯಶಸ್ಸು ಅಂತ ಸೆಟ್ ಮಾಡುವ ಕೋಡ್ ಇದ್ದರೆ ಅದು ಖಂಡಿತ ಯಶಸ್ಸು ಅಂತಲೇ ಹೇಳುತ್ತದೆ. ಅದರ ಪ್ರಕಾರ ಅದು ಸುಳ್ಳೂ ಅಲ್ಲ, ಯಾಕಂದರೆ ಆ ಸಾಲಿನವರೆಗೆ ಎಕ್ಸೆಪ್ಷನ್, ಅಂದರೆ ಕೋಡನ್ನು ನಡುವೆಯೇ ನಿಲ್ಲಿಸುವ ಎರರ್, ಬಂದಿಲ್ಲ. ಸ್ಟೇಟಸ್ ಅನ್ನು ಕೈಯಾರೆ ಸೆಟ್ ಮಾಡುವ ಕೋಡ್‌ನಲ್ಲಿ ಯಶಸ್ಸು ಅಂದರೆ ‘ಇಲ್ಲಿವರೆಗೆ ಬಂದೆ’ ಅಂತ ಅರ್ಥ. ನಮಗೆ ಬೇಕಿರುವುದು ‘ಒಳಗೆ ಹೋದದ್ದೆಲ್ಲ ಹೊರಗೆ ಬಂತು’ ಅನ್ನುವ ಅರ್ಥ. ಇವೆರಡೂ ಬೇರೆ. ಓದಿದ್ದೆಷ್ಟು, ಬರೆದದ್ದೆಷ್ಟು ಅಂತ ಎರಡು ನಂಬರ್ ಇಟ್ಟು ಹೋಲಿಸುವುದಕ್ಕೆ ಯಾವ ದೊಡ್ಡ ಬುದ್ಧಿವಂತಿಕೆಯೂ ಬೇಡ, ಆದರೆ ಆ ಹೋಲಿಕೆ ಎಲ್ಲಿ ಕೂರಬೇಕು ಅನ್ನೋದಕ್ಕೆ ಬಿಲ್ಡ್‌ಗಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ. ಓದುವವರಿಗೆ ಬರೆದದ್ದೆಷ್ಟು ಅಂತ ಗೊತ್ತಿಲ್ಲ, ಬರೆಯುವವರಿಗೆ ಓದಿದ್ದೆಷ್ಟು ಅಂತ ಗೊತ್ತಿಲ್ಲ. ಎರಡೂ ಒಟ್ಟಿಗೆ ಸಿಗುವುದು ಅಲ್ಲಿ ಮಾತ್ರ.

ಯಾವುದನ್ನು ಎಣಿಸಬೇಕು ಅನ್ನೋದು ಫಾರ್ಮ್ಯಾಟ್ ನೋಡಿ ಯೋಚಿಸಬೇಕಾದ ವಿಷಯ. ಸ್ಪ್ರೆಡ್‌ಶೀಟ್‌ಗೆ ಸಾಲು ಸರಿ. ಪಿಡಿಎಫ್‌ನಿಂದ ಟೆಕ್ಸ್ಟ್‌ಗೆ ಹೋಗುವಾಗ ಪುಟ ಸರಿ. ಡಾಕ್ಸ್ ಫೈಲ್‌ನಿಂದ ಪಿಡಿಎಫ್‌ಗೆ ಹೋಗುವಾಗ ಪುಟ ಎಣಿಸೋಕೆ ಹೋದರೆ ಎಡವಟ್ಟು. ಡಾಕ್ಸ್ ಅಂದರೆ ಒಂದು ಜಿಪ್, ಅದರೊಳಗೆ ಎಕ್ಸ್‌ಎಂಎಲ್ ಫೈಲ್‌ಗಳು, ಅಲ್ಲಿ ಪ್ಯಾರಾಗ್ರಾಫ್ ಇರುತ್ತವೆ, ಕೋಷ್ಟಕ ಇರುತ್ತವೆ, ಪುಟ ಅನ್ನೋದು ಲೇಔಟ್ ಮಾಡಿದ ಮೇಲೆ ಹುಟ್ಟುವಂಥದ್ದು. ಕೊನೆಯ ಸಲ ಸೇವ್ ಮಾಡಿದ ಪ್ರೋಗ್ರಾಮ್ ಇಷ್ಟು ಪುಟ ಅಂತ ಬರೆದಿಟ್ಟಿರಬಹುದು, ಆದರೆ ನಿಮ್ಮ ಮೆಷಿನ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಆ ಲೆಕ್ಕ ತಪ್ಪುತ್ತದೆ. ಅಂಥ ಕಡೆ ಕೋಷ್ಟಕ ಎಷ್ಟು, ಚಿತ್ರ ಎಷ್ಟು ಅಂತ ಎಣಿಸೋದು ವಾಸಿ.

ಎಣಿಕೆ ಎಲ್ಲವನ್ನೂ ಹಿಡಿಯುವುದೂ ಇಲ್ಲ, ಇದನ್ನೂ ಹೇಳಿಬಿಡಬೇಕು. ಸೆಪ್ಟ್1, ಮಾರ್ಚ್1 ಅಂತೆಲ್ಲ ಹೆಸರಿದ್ದ ಜೀನ್‌ಗಳನ್ನು ಎಕ್ಸೆಲ್ ತಾರೀಕು ಅಂದುಕೊಂಡು ಬದಲಿಸುತ್ತಿತ್ತು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳ ಹೆಸರು ನಿರ್ಧರಿಸುವ ಸಮಿತಿ ಇಂಥ ಗೊಂದಲ ಆಗದ ಹಾಗೆ ಹೆಸರಿಡುವ ನಿಯಮವನ್ನೇ ತಂದಿತು, ಮಾರ್ಚ್1 ಹೋಗಿ ಮಾರ್ಚ್‌ಎಫ್1 ಆಯಿತು. ಅಲ್ಲಿ ಸಾಲಿನ ಲೆಕ್ಕ ಪಕ್ಕಾ ಇತ್ತು, ಒಂದೂ ಕಳೆದಿರಲಿಲ್ಲ. ಸಾಲಿನೊಳಗೆ ಬರೆದದ್ದು ಬದಲಾಗಿತ್ತು. ಇದನ್ನು ಹಿಡಿಯಬೇಕಾದರೆ ಟೈಪ್ ಊಹಿಸುವ ಹಂತವೇ ಬಿಲ್ಡರ್‌ಗೆ ಹೇಳಬೇಕು: ಈ ಕಾಲಂನಲ್ಲಿ ಟೆಕ್ಸ್ಟ್ ಆಗಿದ್ದದ್ದನ್ನು ತಾರೀಕು ಮಾಡಿದೆ, ಮುಂದಿದ್ದ ಸೊನ್ನೆ ತೆಗೆದೆ ಅಂತ. ಹೇಳದ ಹಂತದ ಬಗ್ಗೆ ಬಿಲ್ಡರ್ ಏನೂ ಮಾಡಲಾರದು.

ಎಚ್ಚರಿಕೆ ಮತ್ತು ನಷ್ಟ ಎರಡನ್ನೂ ನಾನು ಬೇರೆ ಇಡುತ್ತೇನೆ. ಇದರ ಬಗ್ಗೆ ಟೀಮಿನಲ್ಲಿ ಜಗಳ ಆಗುತ್ತದೆ, ಆಗಲಿ. ನನ್ನ ಗೆರೆ ಇದು: ನೋಡೋಕೆ ಬೇರೆ ಥರ ಆಯಿತು ಅಂದರೆ ಎಚ್ಚರಿಕೆ, ಇದ್ದದ್ದು ಇಲ್ಲವಾಯಿತು ಅಂದರೆ ನಷ್ಟ. ಫಾಂಟ್ ಸಿಗಲಿಲ್ಲ, ಬದಲಿ ಹಾಕಿದೆ, ಇದು ಎಚ್ಚರಿಕೆ. ಚಿತ್ರ ಓದಲಾಗಲಿಲ್ಲ, ಖಾಲಿ ಚೌಕ ಬಿಟ್ಟೆ, ಇದು ನಷ್ಟ. ನಡುವೆ ಇರುವಂಥವು ಬೇಕಾದಷ್ಟಿವೆ. ಪಿಎನ್‌ಜಿಯಿಂದ ಜೆಪೆಗ್‌ಗೆ ಹೋದರೆ ಪಾರದರ್ಶಕತೆ ಹೋಗೇ ಹೋಗುತ್ತದೆ, ಜೆಪೆಗ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಜಿಫ್‌ಗೆ ಹೋದರೆ ಒಂದು ಫ್ರೇಮ್‌ಗೆ 256 ಬಣ್ಣ. ಇವನ್ನೆಲ್ಲ ನಷ್ಟ ಅಂತ ಬರೆದರೆ ಪ್ರತಿ ಕನ್ವರ್ಷನ್ನೂ ಭಾಗಶಃ ಆಗಿಬಿಡುತ್ತದೆ, ಆಮೇಲೆ ಭಾಗಶಃ ಅನ್ನೋದನ್ನ ಯಾರೂ ನೋಡಲ್ಲ. ಫಾರ್ಮ್ಯಾಟ್ ಆರಿಸಿದವರಿಗೆ ಗೊತ್ತಿದ್ದೇ ಆಗುವಂಥದ್ದನ್ನು ಎಚ್ಚರಿಕೆಯಲ್ಲೇ ಇಡುವುದು ಒಳ್ಳೆಯದು.

ಎಚ್ಚರಿಕೆ ಬಂದರೂ ಒಪ್ಪಲ್ಲ ಅನ್ನುವ ಗಿರಾಕಿಗಳೂ ಇರುತ್ತಾರೆ, ಅವರದ್ದು ನ್ಯಾಯವೇ. ಆದರೆ ಆ ಬಿಗಿ ಬಿಲ್ಡರ್‌ಗೆ ಸೇರಿದ್ದಲ್ಲ, ಕರೆಯುವವರಿಗೆ ಸೇರಿದ್ದು. ಡಾಕ್ಯುಮೆಂಟ್ ಕನ್ವರ್ಟ್ ಮಾಡುವ ಪ್ಯಾನ್‌ಡಾಕ್ ಅನ್ನುವ ಟೂಲ್ ಇದನ್ನು ಚೆನ್ನಾಗಿ ಮಾಡಿದೆ. ಅದು ಮಾಮೂಲಿಯಾಗಿ ಎಚ್ಚರಿಕೆಗಳನ್ನು ಎರರ್ ಸ್ಟ್ರೀಮ್‌ಗೆ ಬರೆದು ಮುಂದೆ ಹೋಗುತ್ತದೆ. ಎಚ್ಚರಿಕೆ ಇದ್ದರೆ ವಿಫಲ ಅಂತ ಪರಿಗಣಿಸು ಅನ್ನುವ ಆಪ್ಷನ್ ಕೊಟ್ಟರೆ ಮಾತ್ರ ಎರರ್ ಕೋಡ್‌ನೊಂದಿಗೆ ಹೊರಬರುತ್ತದೆ. ನಡೆದ ಸಂಗತಿ ಎರಡೂ ಸಲ ಒಂದೇ, ತೀರ್ಪು ಕೇಳಿದವರ ಇಷ್ಟ. ಭಾಗಶಃ ಅನ್ನುವ ಸ್ಟೇಟಸ್ ಕೂಡ ನಾನು ಹುಟ್ಟುಹಾಕಿದ್ದಲ್ಲ. ಐಬಿಎಂ ರಿಸರ್ಚ್‌ನಿಂದ ಬಂದ ಡಾಕ್ಲಿಂಗ್ ಅನ್ನುವ ಓಪನ್ ಸೋರ್ಸ್ ಲೈಬ್ರರಿಯ ಕನ್ವರ್ಷನ್ ರಿಸಲ್ಟ್‌ನಲ್ಲೂ ಯಶಸ್ಸು, ವಿಫಲ ಜೊತೆಗೆ ಭಾಗಶಃ ಯಶಸ್ಸು ಇದೆ. ನೂರಾರು ಪುಟದ ಪಿಡಿಎಫ್‌ನಲ್ಲಿ ಒಂದು ಪುಟ ಕೈಕೊಟ್ಟರೆ ಉಳಿದದ್ದನ್ನೂ ಎಸೆಯಬೇಕಾ? ಬೇಡ ತಾನೆ. ಹಾಗಂತ ಯಶಸ್ಸು ಅಂತಲೂ ಹೇಳೋಕಾಗಲ್ಲ.

ಎಚ್ಚರಿಕೆಗಳ ವಿಷಯದಲ್ಲಿ ಇನ್ನೊಂದು ತಲೆನೋವಿದೆ, ಅದು ಸಂಖ್ಯೆ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಬಂದಾಗಲೆಲ್ಲ ಒಂದು ಎಚ್ಚರಿಕೆ ಅಂತ ಕನ್ವರ್ಟರ್ ಹೇಳುತ್ತಾ ಹೋದರೆ, ದೊಡ್ಡ ಡಾಕ್ಯುಮೆಂಟ್ ಒಂದರಲ್ಲಿ ಅದೇ ಮಾತು ಲಕ್ಷಗಟ್ಟಲೆ ಸಲ ಬರುತ್ತದೆ. ಪಟ್ಟಿಗೆ ಸೇರಿಸುತ್ತಾ ಹೋದರೆ ಔಟ್‌ಪುಟ್ ಫೈಲ್‌ಗಿಂತ ರಿಸಲ್ಟ್ ದೊಡ್ಡದಾಗುತ್ತದೆ. ಅದನ್ನು ಜೇಸನ್ ಮಾಡಿ ಕ್ಯೂಗೆ ಹಾಕೋಕೆ ಹೋದರೆ ಮೆಸೇಜ್ ಸೈಜ್ ಮಿತಿ ದಾಟಿ ಅಲ್ಲಿ ಬೀಳುತ್ತದೆ, ಕನ್ವರ್ಷನ್ ಚೆನ್ನಾಗೇ ಆಗಿದ್ದರೂ. ಬರೀ ಸೆಟ್ಟರ್‌ಗಳ ಗೊಂಚಲಾಗಿದ್ದರೆ ಬಿಲ್ಡರ್ ಇಲ್ಲಿ ಏನೂ ಸಹಾಯ ಮಾಡಲ್ಲ. ಎಚ್ಚರಿಕೆ ಅನ್ನುವ ಮೆಥಡ್ ಒಳಗೆ ಸ್ವಲ್ಪ ತಲೆ ಓಡಿಸಿದರೆ ಮಾಡುತ್ತದೆ: ಎಚ್ಚರಿಕೆಯ ಕೋಡ್ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿಗೆ ಮೊದಲ ಕೆಲವು ಜಾಗಗಳನ್ನು ಮಾತ್ರ ಇಟ್ಟುಕೊಳ್ಳಿ, ಉಳಿದದ್ದಕ್ಕೆ ಬರೀ ಎಣಿಕೆ ಏರಿಸಿ. ಕೊನೆಗೆ ರಿಸಲ್ಟ್‌ನಲ್ಲಿ ‘ಫಾಂಟ್‌ನಲ್ಲಿ ಅಕ್ಷರ ಇಲ್ಲ, ಮೊದಲು ಕಂಡದ್ದು ಪುಟ 3, 3, 4, ಒಟ್ಟು 1,20,418 ಸಲ’ ಅಂತ ಒಂದೇ ಸಾಲು ಬರುತ್ತದೆ. ಕರೆಯುವ ಹಂತಕ್ಕೆ ಇದು ಗೊತ್ತೇ ಆಗುವುದಿಲ್ಲ, ಅದು ತನ್ನ ಪಾಡಿಗೆ ಹೇಳುತ್ತಾ ಹೋಗುತ್ತದೆ.

ಇದಕ್ಕಾಗಿ ಎಚ್ಚರಿಕೆ ಅಂದರೆ ಬರೀ ವಾಕ್ಯ ಆಗಿರಬಾರದು. ಕೋಡ್ ಬೇಕು, ಜಾಗ ಬೇಕು. ಮನುಷ್ಯರು ಓದುವ ವಾಕ್ಯವನ್ನು ತೋರಿಸುವಾಗ ಕಟ್ಟಿಕೊಂಡರಾಯಿತು. ವಾಕ್ಯವನ್ನೇ ಕೀ ಮಾಡಿ ಗುಂಪು ಮಾಡಿದರೆ, ವಾಕ್ಯದೊಳಗೆ ಪುಟದ ನಂಬರ್ ಇದ್ದ ಕೂಡಲೇ ಪ್ರತಿಯೊಂದೂ ಬೇರೆ ಗುಂಪಾಗುತ್ತದೆ.

ಇನ್ನು ಬಿಲ್ಡ್ ಕರೆಯುವುದು ಯಾರು ಅನ್ನುವ ಪ್ರಶ್ನೆ. ಹೊರಗಿನ ಫಂಕ್ಷನ್ ಒಂದೇ ಕರೆಯಬೇಕು, ಅದೂ ಒಂದೇ ಸಲ. ಒಳಗಿನ ಹಂತಗಳಿಗೆ ಇಡೀ ಬಿಲ್ಡರ್ ಕೊಡುವುದು ಅಪಾಯ, ಯಾಕಂದರೆ ಕೊಟ್ಟರೆ ಯಾರಾದರೂ ಕರೆದೇ ಕರೆಯುತ್ತಾರೆ. ಒಂದು ಸಣ್ಣ ಇಂಟರ್‌ಫೇಸ್ ಮಾಡಿ, ಅದರಲ್ಲಿ ಎಚ್ಚರಿಕೆ, ನಷ್ಟ, ಓದಿದ್ದು, ಬರೆದದ್ದು ಇಷ್ಟೇ ಇರಲಿ. ಪಾರ್ಸರ್ ಕೈಗೆ ಅದು. ಬಿಲ್ಡ್, ಔಟ್‌ಪುಟ್ ಇವೆಲ್ಲ ಹೊರಗಿನವರ ಕೈಯಲ್ಲಿ. ಇದಕ್ಕೆ ಇನ್ನೊಂದು ಲಾಭವೂ ಇದೆ. ಪಾರ್ಸರ್ ಟೆಸ್ಟ್ ಮಾಡುವಾಗ ಆ ನಾಲ್ಕು ಮೆಥಡ್‌ನ ಒಂದು ಡಮ್ಮಿ ಸಾಕು.

ಎಕ್ಸೆಪ್ಷನ್ ಬಂದಾಗ ಹೊರಗಿನ ಫಂಕ್ಷನ್ ಅದನ್ನು ಹಿಡಿದು ಬಿಲ್ಡರ್‌ಗೆ ಎರರ್ ಅಂತ ಕೊಟ್ಟು ಬಿಲ್ಡ್ ಕರೆಯುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಿಲ್ಡ್ ಒಳಗೆ ತಪಾಸಣೆ ಹಾಕುವ ಹುಮ್ಮಸ್ಸಿನಲ್ಲಿ, ಕನ್ವರ್ಟರ್ ಹೆಸರಿಲ್ಲ, ಎಣಿಕೆ ಇಲ್ಲ ಅಂತ ಬಿಲ್ಡೇ ಎಕ್ಸೆಪ್ಷನ್ ಎಸೆಯುವ ಹಾಗೆ ಬರೆದಿರುತ್ತೇವೆ. ಫೈಲ್ ತೆರೆಯುವಾಗಲೇ ಬಿದ್ದಿದ್ದರೆ ಕನ್ವರ್ಟರ್ ಆರಿಸಿಯೇ ಇರುವುದಿಲ್ಲ. ಆಗ ಬಿಲ್ಡ್ ಎಸೆಯುತ್ತದೆ. ಜಾವಾದಲ್ಲಿ ಕ್ಯಾಚ್ ಅಥವಾ ಫೈನಲಿ ಒಳಗಿಂದ ಹೊಸ ಎಕ್ಸೆಪ್ಷನ್ ಹಾರಿದರೆ ಹಳೆಯದು ಮುಚ್ಚಿಹೋಗುತ್ತದೆ. ಪಾಸ್‌ವರ್ಡ್ ಹಾಕಿದ ಫೈಲ್ ಅನ್ನುವ ಅಸಲಿ ಕಾರಣ ಹೋಗಿ, ‘ಕನ್ವರ್ಟರ್ ಹೆಸರು ಕೊಟ್ಟಿಲ್ಲ’ ಅನ್ನುವ ಅಸಂಬದ್ಧ ಮಾತು ಲಾಗ್‌ನಲ್ಲಿ ಕೂರುತ್ತದೆ. ಪೈಥಾನ್ ಹಳೆಯದನ್ನೂ ಸಂದರ್ಭವಾಗಿ ಜೊತೆಗೆ ತೋರಿಸುತ್ತದೆ, ಅಷ್ಟು ಪುಣ್ಯ. ಹಾಗಾಗಿ ವಿಫಲದ ದಾರಿಯಲ್ಲಿ ಬಿಲ್ಡ್ ಸಡಿಲವಾಗಿರಬೇಕು, ಸಿಕ್ಕಿದ್ದಷ್ಟನ್ನು ಕಟ್ಟಿ ಕೊಡಬೇಕು. ಬಿಗಿ ಎಲ್ಲ ಯಶಸ್ಸಿನ ದಾರಿಯಲ್ಲಿ ಇರಲಿ. ಎಣಿಕೆ ಕೊಟ್ಟಿಲ್ಲದೆ ಯಶಸ್ಸು ಅಂತ ಆಗಬಾರದು. ಅದು ಕೋಡ್ ಬರೆದವರ ತಪ್ಪು, ಅಲ್ಲಿ ಎಸೆಯಲಿ.

ಔಟ್‌ಪುಟ್ ನಿಜಕ್ಕೂ ಡಿಸ್ಕ್ ಮೇಲೆ ಇದೆಯಾ ಅಂತ ಬಿಲ್ಡರ್ ನೋಡಬೇಕಾ? ಹೊರಗಿನ ಟೂಲ್ ಒಂದನ್ನು ಕಮಾಂಡ್ ಲೈನ್‌ನಿಂದ ಓಡಿಸುವವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು: ಎಕ್ಸಿಟ್ ಕೋಡ್ ಸೊನ್ನೆ, ಫೈಲ್ ಮಾತ್ರ ಇಲ್ಲ. ನೋಡಲೇಬೇಕು, ಆದರೆ ಬಿಲ್ಡರ್ ಅಲ್ಲ. ಬರೆಯುವ ಹಂತ ನೋಡಲಿ. ಟೆಂಪರರಿ ಹೆಸರಿನಲ್ಲಿ ಬರೆದು, ಸೈಜ್ ಅಳೆದು, ಮೊದಲ ಕೆಲವು ಬೈಟ್ ಓದಿ, ಅಂದರೆ ಪಿಡಿಎಫ್ ಆದರೆ ಪರ್ಸೆಂಟ್ ಚಿಹ್ನೆಯ ನಂತರ ಪಿಡಿಎಫ್ ಅನ್ನುವ ಅಕ್ಷರಗಳು ಇವೆಯಾ ಅಂತ ನೋಡಿ, ಆಮೇಲೆ ಅಸಲಿ ಹೆಸರಿಗೆ ರಿನೇಮ್ ಮಾಡಿ, ಅದಾದ ಮೇಲೆ ಬಿಲ್ಡರ್‌ಗೆ ಔಟ್‌ಪುಟ್ ಇಲ್ಲಿದೆ, ಇಷ್ಟು ಬೈಟ್ ಅಂತ ಹೇಳಲಿ. ಬಿಲ್ಡರ್ ಡಿಸ್ಕ್ ಮುಟ್ಟದಿದ್ದರೆ ಟೆಸ್ಟ್ ಬರೆಯೋದು ಎಷ್ಟು ಸಲೀಸು ಅಂತ ಬರೆದವರಿಗೇ ಗೊತ್ತು. ಅಂದಹಾಗೆ ಸೊನ್ನೆ ಬೈಟ್ ಅಂದ ಕೂಡಲೇ ವಿಫಲ ಅಂತ ನಿಯಮ ಹಾಕಬೇಡಿ. ಖಾಲಿ ಡಾಕ್ಯುಮೆಂಟ್‌ನಿಂದ ಖಾಲಿ ಟೆಕ್ಸ್ಟ್ ಫೈಲ್ ಬರುವುದು ಸರಿಯಾದ ಉತ್ತರವೇ.

ಸಮಯದ ಬಗ್ಗೆ ಒಂದೇ ಮಾತು. ಶುರು ಅಂದಾಗ ಬಿಲ್ಡರ್ ತಾನೇ ಗಡಿಯಾರ ಇಟ್ಟುಕೊಳ್ಳಲಿ, ಬಿಲ್ಡ್ ಅಂದಾಗ ಕಳೆಯಲಿ. ಗೋಡೆ ಗಡಿಯಾರದ ಸಮಯ, ಅಂದರೆ ಮೆಷಿನ್ ತೋರಿಸುವ ದಿನದ ಸಮಯ, ಬಳಸಬೇಡಿ. ಸರ್ವರ್ ತನ್ನ ಸಮಯ ಸರಿಪಡಿಸಿಕೊಂಡ ಕ್ಷಣದಲ್ಲಿ ಮೈನಸ್ ಮಿಲಿಸೆಕೆಂಡ್ ಬರುತ್ತದೆ. ಹಿಂದಕ್ಕೆ ಹೋಗದ ಗಡಿಯಾರ ಬಳಸಿ, ಜಾವಾದಲ್ಲಿ ನ್ಯಾನೋಟೈಮ್, ಪೈಥಾನ್‌ನಲ್ಲಿ ಮೊನೊಟಾನಿಕ್ ಇವೆ.

ಕಟ್ಟಿದ ಮೇಲೆ ರಿಸಲ್ಟ್ ಬದಲಾಗಬಾರದು. ಇದು ಎಲ್ಲರಿಗೂ ಗೊತ್ತಿರುವ ಮಾತು, ಆದರೂ ಒಂದು ಬಿಲ ಉಳಿದಿರುತ್ತದೆ. ಬಿಲ್ಡರ್ ಒಳಗಿನ ಎಚ್ಚರಿಕೆಗಳ ಲಿಸ್ಟನ್ನೇ ರಿಸಲ್ಟ್‌ಗೆ ದಾಟಿಸಿದರೆ ಇಬ್ಬರ ಕೈಯಲ್ಲೂ ಒಂದೇ ಲಿಸ್ಟ್. ಜಾವಾದಲ್ಲಿ ‘ಅನ್‌ಮಾಡಿಫೈಯಬಲ್ ಲಿಸ್ಟ್’ ಸುತ್ತಿ ಕೊಟ್ಟರೆ ಸಾಕು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಸಾಕಾಗಲ್ಲ. ಅದು ಬರೀ ಕಿಟಕಿ. ಆ ಕಡೆಯಿಂದ ಬದಲಿಸೋಕಾಗಲ್ಲ, ಆದರೆ ಬಿಲ್ಡರ್ ಕಡೆಯಿಂದ ಸೇರಿಸಿದ್ದು ಅಲ್ಲೂ ಕಾಣಿಸುತ್ತದೆ. ಜಾವಾ 10ರಿಂದ ಇರುವ ‘ಲಿಸ್ಟ್ ಕಾಪಿಆಫ್’ ನಿಜವಾದ ಪ್ರತಿ ಮಾಡುತ್ತದೆ. ಅದನ್ನೇ ಬಳಸಿ. ಜೊತೆಗೆ ಬಿಲ್ಡ್ ಎರಡನೇ ಸಲ ಕರೆದರೆ ಎಕ್ಸೆಪ್ಷನ್ ಎಸೆಯಿರಿ. ಬ್ಯಾಚ್‌ನಲ್ಲಿ ಒಂದೇ ಬಿಲ್ಡರ್ ಮರುಬಳಕೆ ಮಾಡಿ ಮೊದಲ ಫೈಲಿನ ಎಚ್ಚರಿಕೆ ಎರಡನೇ ಫೈಲಿಗೆ ಅಂಟಿಕೊಳ್ಳುವ ಬಗ್ ಇದೆಯಲ್ಲ, ಅದನ್ನು ಹುಡುಕೋದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ.

ಪುಟಗಳನ್ನು ಬೇರೆ ಬೇರೆ ಥ್ರೆಡ್‌ನಲ್ಲಿ ಕನ್ವರ್ಟ್ ಮಾಡುತ್ತಿದ್ದರೆ ಒಂದೇ ಬಿಲ್ಡರ್‌ಗೆ ಲಾಕ್ ಹಾಕೋಕೆ ಹೋಗಬೇಡಿ. ಪ್ರತಿ ಪುಟಕ್ಕೂ ಅದರದ್ದೇ ಚಿಕ್ಕ ಬಿಲ್ಡರ್ ಕೊಟ್ಟು, ಕೊನೆಗೆ ಪುಟದ ನಂಬರ್ ಕ್ರಮದಲ್ಲಿ ಕೂಡಿಸಿ. ಲಾಕ್ ಹಾಕಿದರೆ ಲೆಕ್ಕ ಸರಿ ಬರುತ್ತದೆ, ಆದರೆ ಎಚ್ಚರಿಕೆಗಳ ಕ್ರಮ ಪ್ರತಿ ಸಲ ಬೇರೆ ಬರುತ್ತದೆ. ಒಂದೇ ಫೈಲ್ ಎರಡು ಸಲ ಓಡಿಸಿ ರಿಸಲ್ಟ್ ಹೋಲಿಸುವ ಟೆಸ್ಟ್‌ಗಳೆಲ್ಲ ಸುಮ್ಮಸುಮ್ಮನೆ ಬೀಳುತ್ತವೆ.

ಇಷ್ಟೆಲ್ಲ ಬೇಕಾ ಅಂದರೆ, ಎಲ್ಲ ಕಡೆ ಬೇಡ. ಮೂರು ಫೀಲ್ಡ್ ಇರುವ ರಿಸಲ್ಟ್‌ಗೆ ಬಿಲ್ಡರ್ ಬರೆಯುವುದು ದಂಡ. ಕಾಟ್ಲಿನ್, ಪೈಥಾನ್ ಥರ ಹೆಸರು ಹೇಳಿ ಆರ್ಗ್ಯುಮೆಂಟ್ ಕೊಡುವ ಭಾಷೆಗಳಲ್ಲಿ ಒಂಬತ್ತು ಪ್ಯಾರಾಮೀಟರ್ ಇದ್ದರೂ ಜೋಶುವಾ ಬ್ಲಾಕ್ ಹೇಳಿದ ಕಾರಣಕ್ಕೆ ಬಿಲ್ಡರ್ ಬೇಕಾಗಲ್ಲ, ಅದಲು ಬದಲಾಗುವ ಭಯವೇ ಇರಲ್ಲ. ಆದರೆ ಕಂತಿನಲ್ಲಿ ಬರುವ ಸುದ್ದಿಯನ್ನು ಕೂಡಿಸಿ ಕೊನೆಗೆ ತೀರ್ಪು ಕೊಡುವ ವಸ್ತು ಅಲ್ಲೂ ಬೇಕು. ಹೆಸರು ಕಲೆಕ್ಟರ್ ಅಂತಿಡಿ, ರಿಪೋರ್ಟ್ ಅಂತಿಡಿ, ಏನೋ ಒಂದು.

ಜಾವಾ ಕೋಡನ್ನು ತಾನೇ ಹುಟ್ಟಿಸಿಕೊಡುವ ಲಾಂಬಾಕ್‌ನಂಥ ಟೂಲ್ ಬಳಸಿ, ಕ್ಲಾಸ್ ಮೇಲೆ ಆನೊಟೇಷನ್ ಅನ್ನುವ ಒಂದು ಗುರುತು ಬರೆದು ಬಿಲ್ಡರ್ ಹುಟ್ಟಿಸುವವರಿಗೆ ಮಾತ್ರ ಒಂದು ಮಾತು. ಅದು ಎಲ್ಲ ಫೀಲ್ಡ್‌ಗೂ ಮೆಥಡ್ ಕೊಡುತ್ತದೆ, ಸ್ಟೇಟಸ್‌ಗೂ ಕೊಡುತ್ತದೆ. ಬೇಡವಾದದ್ದೇ ಅದು. ಫೀಲ್ಡ್ ಪಕ್ಕದಲ್ಲಿ ಬರೆದ ಆರಂಭದ ವ್ಯಾಲ್ಯೂವನ್ನೂ ಅದು ಪರಿಗಣಿಸುವುದಿಲ್ಲ, ಅದಕ್ಕೆ ಬೇರೆ ಡೀಫಾಲ್ಟ್ ಆನೊಟೇಷನ್ ಹಾಕಬೇಕು. ಹಾಕದಿದ್ದರೆ ಖಾಲಿ ಲಿಸ್ಟ್ ಅಂದುಕೊಂಡದ್ದು ನಲ್ ಆಗಿ ಬರುತ್ತದೆ. ಕನ್ವರ್ಷನ್ ರಿಸಲ್ಟ್‌ನ ಬಿಲ್ಡರ್ ಕೈಯಲ್ಲೇ ಬರೆಯಿರಿ, ಏನು ಮಹಾ, ನೂರೈವತ್ತು ಸಾಲು.

ಕೈಯಲ್ಲಿ ಬರೆದದ್ದಕ್ಕೆ ಟೆಸ್ಟ್ ಬರೆಯುವಾಗ ಉದಾಹರಣೆಗಳ ಜೊತೆ ಒಂದು ರ‍್ಯಾಂಡಮ್ ಟೆಸ್ಟೂ ಇರಲಿ. ಮೆಥಡ್‌ಗಳನ್ನು ಯಾವ ಕ್ರಮದಲ್ಲಾದರೂ, ಎಷ್ಟು ಸಲವಾದರೂ ಕರೆದು ಕೊನೆಗೆ ಬಿಲ್ಡ್ ಕರೆಯುವ ಟೆಸ್ಟ್. ಅದು ನೋಡಬೇಕಾದದ್ದು ಎರಡೇ. ನಷ್ಟ ದಾಖಲಾಗಿದ್ದರೆ ಅಥವಾ ಬರೆದದ್ದು ಕಡಿಮೆ ಇದ್ದರೆ ಯಶಸ್ಸು ಬರಬಾರದು. ಎರರ್ ಕೊಟ್ಟಿದ್ದರೆ ಬಿಲ್ಡ್ ಎಸೆಯಬಾರದು. ಮೊದಲ ಸಲ ಓಡಿಸಿದಾಗ ಹೆಚ್ಚಾಗಿ ಸಿಕ್ಕಿಬೀಳುವುದು ಓದಿದ್ದು ಅನ್ನುವುದನ್ನು ಎರಡು ಸಲ ಕರೆದಾಗ. ಕೂಡಿಸಬೇಕಾ, ಹಳೆಯದನ್ನು ಅಳಿಸಿ ಹೊಸದು ಬರೆಯಬೇಕಾ? ಎರಡು ಶೀಟ್ ಇರುವ ಫೈಲ್‌ನಲ್ಲಿ ಪಾರ್ಸರ್ ಶೀಟಿಗೊಮ್ಮೆ ಕರೆಯುತ್ತದೆ, ಹಾಗಾಗಿ ಕೂಡಿಸಬೇಕು.